ಇಟಲಿಯಲ್ಲಿ ರಾತ್ರಿ ಊಟ ಆದಮೇಲೆ: ಸಿಹಿ, ಕಾಫಿ, ಅಮಾರೊ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಿಲಾನ್, ಟ್ಯೂರಿನ್ ಕಡೆ ಓದಲು ಬರುವ ಹುಡುಗ ಹುಡುಗಿಯರು, ಅವರನ್ನು ನೋಡಲು ಬರುವ ಅಪ್ಪ ಅಮ್ಮಂದಿರು, ರಜೆಗೆ ಸುತ್ತಾಡಲು ಬರುವವರು. ಎಲ್ಲರೂ ಪಿಜ್ಜಾ, ಪಾಸ್ತಾ ಬಗ್ಗೆ ತಿಳಿದುಕೊಂಡೇ ಬರುತ್ತಾರೆ. ಊಟ ಮುಗಿದ ಮೇಲಿನ ಒಂದೆರಡು ಗಂಟೆಯ ಬಗ್ಗೆ ಮಾತ್ರ ಪ್ರಶ್ನೆಗಳು ಉಳಿದಿರುತ್ತವೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಸಲ ಹೋಗುವವರಿಗೆ

ಊಟ ಮಾಡಿದ ಹೋಟೆಲಲ್ಲೇ ಸಿಹಿ ತಿಂದು ಎದ್ದರಾಯ್ತಲ್ವಾ? ಬೇರೆ ಕಡೆ ಯಾಕೆ ಹೋಗಬೇಕು?

ಅಲ್ಲೇ ತಿನ್ನಬಹುದು. ಆದರೆ ಇಲ್ಲಿನವರು ಎಷ್ಟೋ ಸಲ ಬಿಲ್ ಕೊಟ್ಟು ಎದ್ದು, ಊರೊಳಗೆ ನಡೆದು, ಜೆಲಾಟೊ (ಇಟಲಿಯ ಐಸ್‌ಕ್ರೀಂ) ಅಂಗಡಿಗೋ ಬಾರ್‌ಗೋ ಹೋಗುತ್ತಾರೆ. ಈ ಹೊತ್ತಿಗೆ ದೋಪೊಚೇನಾ ಅನ್ನುತ್ತಾರೆ. "ಊಟಕ್ಕೆ ಬರೋಕೆ ಆಗಲ್ಲ, ದೋಪೊಚೇನಾಗೆ ಸಿಗ್ತೀನಿ" ಅನ್ನುವುದು ಗೆಳೆಯರ ನಡುವೆ ಮಾಮೂಲಿ ಮಾತು. ಊಟಕ್ಕಿಂತ ಖರ್ಚು ಕಡಿಮೆ, ಹರಟೆ ಜಾಸ್ತಿ.

ಇನ್ನೊಂದು ಕಾರಣವೂ ಇದೆ. ಅಡುಗೆ ಚೆನ್ನಾಗಿರುವ ಕಡೆ ಸಿಹಿಯೂ ಚೆನ್ನಾಗಿರುತ್ತದೆ ಅನ್ನುವ ಹಾಗಿಲ್ಲ. ಪ್ರವಾಸಿಗರೇ ತುಂಬಿರುವ ಜಾಗಗಳಲ್ಲಿ ಸಿಹಿಯನ್ನು ಹೊರಗಿನಿಂದ ತರಿಸಿ ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. "ಫಾತ್ತೊ ಇನ್ ಕಾಸಾ?" ಅಂತ ಕೇಳಿ. ಮನೆಯಲ್ಲೇ ಮಾಡಿದ್ದಾ ಅಂತ ಅರ್ಥ. ಹೌದು ಅಂದರೆ ಕೂತು ತಿನ್ನಿ. ಉತ್ತರ ತಡವರಿಸಿದರೆ ಎದ್ದು ನಡೆಯಿರಿ.

ರಾತ್ರಿ ಎಷ್ಟು ಹೊತ್ತಿಗೆ ಹೊರಡಬೇಕು? ಅಂಗಡಿ ತೆಗೆದಿರುತ್ತಾ?

ಉತ್ತರ ಇಟಲಿಯಲ್ಲಿ ಜನ ಸುಮಾರು 8 ಗಂಟೆಗೆ ಊಟಕ್ಕೆ ಕೂರುತ್ತಾರೆ. ದಕ್ಷಿಣದ ನೇಪಲ್ಸ್, ಸಿಸಿಲಿ ಕಡೆ 9 ದಾಟುತ್ತದೆ. ಹಾಗಾಗಿ ಸಿಹಿಯ ಸುತ್ತಾಟ ಶುರುವಾಗುವುದೇ 10ರ ಮೇಲೆ. ಬೇಸಿಗೆಯಲ್ಲಿ ಜೆಲಾಟೊ ಅಂಗಡಿಗಳು ಮಧ್ಯರಾತ್ರಿವರೆಗೂ ತೆರೆದಿರುತ್ತವೆ. ಚಳಿಗಾಲದಲ್ಲಿ ಬೇಗ ಮುಚ್ಚುತ್ತವೆ.

ಒಂದು ವಿಷಯ ನೆನಪಿರಲಿ. ಕೇಕು, ಪೇಸ್ಟ್ರಿ ಮಾಡುವ ಪಾಸ್ತಿಚೆರಿಯಾಗಳು ಸಾಮಾನ್ಯವಾಗಿ ಸಂಜೆ 8ರ ಹೊತ್ತಿಗೆ ಬಾಗಿಲು ಹಾಕುತ್ತವೆ. ಅಲ್ಲಿನದ್ದೇ ಬೇಕು ಅಂದರೆ ಸಂಜೆಯೇ ಕಟ್ಟಿಸಿಕೊಂಡು ಬನ್ನಿ. ಯಾರದಾದರೂ ಮನೆಗೆ ಊಟಕ್ಕೆ ಹೋಗುವಾಗ ಇಲ್ಲಿನವರು ಮಾಡುವುದೂ ಅದನ್ನೇ. ಪುಟ್ಟ ಪುಟ್ಟ ಪೇಸ್ಟ್ರಿಗಳನ್ನು ತಟ್ಟೆಯಲ್ಲಿ ಜೋಡಿಸಿ, ಕಾಗದ ಸುತ್ತಿ, ರಿಬ್ಬನ್ ಕಟ್ಟಿ ಕೊಡುತ್ತಾರೆ.

ಬಾರ್ ಅಂದ್ರೆ ಹೆಂಡದಂಗಡೀನಾ? ಮಕ್ಕಳನ್ನ ಕರ್ಕೊಂಡು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಇಟಲಿಯ ಬಾರ್ ಅಂದರೆ ಬೆಳಗ್ಗೆ ಕಾಫಿ, ಮಧ್ಯಾಹ್ನ ಬ್ರೆಡ್ಡು, ಸಂಜೆ ಒಂದು ಗ್ಲಾಸು ವೈನ್ ಸಿಗುವ ಜಾಗ. ಅಜ್ಜಂದಿರು ಪೇಪರ್ ಓದುತ್ತಾ ಕೂತಿರುತ್ತಾರೆ, ಮಕ್ಕಳು ಐಸ್‌ಕ್ರೀಂ ತಿನ್ನುತ್ತಿರುತ್ತಾರೆ. ಮದ್ಯ ಮಾತ್ರ 18 ತುಂಬಿದವರಿಗೆ.

ಅನೇಕ ಬಾರ್‌ಗಳಲ್ಲಿ ಮೊದಲು ಕ್ಯಾಶ್ ಕೌಂಟರ್‌ನಲ್ಲಿ ದುಡ್ಡು ಕೊಟ್ಟು, ಚೀಟಿ ತಗೊಂಡು, ಅದನ್ನು ಕಾಫಿ ಮಾಡುವವರಿಗೆ ತೋರಿಸಬೇಕು. ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು. ವೆನಿಸ್‌ನ ಸಾನ್ ಮಾರ್ಕೊ ಚೌಕದಂಥ ಕಡೆ ಕೂತರೆ ಹಲವು ಪಟ್ಟು ಆಗುತ್ತದೆ. ಸಂಗೀತ ನುಡಿಸುತ್ತಿದ್ದರೆ ಅದಕ್ಕೂ ಬೇರೆ ಸೇರಿಸುತ್ತಾರೆ. ಕೂರುವ ಮೊದಲು ಬೆಲೆಪಟ್ಟಿ ನೋಡಿ.

ಒಟ್ಟು ಎಷ್ಟಾಗುತ್ತೆ? ಟಿಪ್ಸ್ ಕೊಡಬೇಕಾ?

ಚಿಕ್ಕ ಕೋನ್ ಜೆಲಾಟೊ 3 ಯೂರೊ ಆಸುಪಾಸು, ನಿಂತು ಕುಡಿಯುವ ಎಸ್ಪ್ರೆಸೊ ಒಂದೂವರೆ ಯೂರೊ ಒಳಗೆ, ಊಟದ ಮೇಲೆ ಕುಡಿಯುವ ಕಹಿ ಮದ್ಯ ಅಮಾರೊ ಒಂದು ಗ್ಲಾಸಿಗೆ 4ರಿಂದ 6 ಯೂರೊ. ಟಿಪ್ಸ್ ಕಡ್ಡಾಯ ಅಲ್ಲ. ಬಿಲ್ಲಿನಲ್ಲಿ ಕೊಪೆರ್ತೊ ಅಂತ ತಲೆಗೆ ಇಷ್ಟು ಅಂತ ಹಾಕಿದ್ದರೆ ಅದು ಟೇಬಲ್ ಚಾರ್ಜು, ಮೋಸ ಅಲ್ಲ. ಒಂದೇ ತಿರಾಮಿಸು (ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಮಸ್ಕರ್ಪೋನೆ ಅನ್ನುವ ಕೆನೆಯಂಥ ಚೀಸು ಪದರು ಪದರಾಗಿ ಇಟ್ಟ ಸಿಹಿ) ತರಿಸಿ ಎರಡು ಚಮಚ ಕೇಳಿದರೂ ಯಾರೂ ಏನೂ ಅಂದುಕೊಳ್ಳುವುದಿಲ್ಲ.

## ಸಿಹಿಯ ವಿಷಯ

ನಾವು ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನಲ್ಲ. ನಮಗೆ ಏನಾದ್ರೂ ಸಿಗುತ್ತಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಿಗುತ್ತದೆ. ಆದರೆ ಕೇಳಿ ತಿನ್ನಬೇಕು, ಯಾಕೆಂದರೆ ನೋಡಿದರೆ ಗೊತ್ತಾಗುವುದಿಲ್ಲ.

ಮೊದಲು ಎಚ್ಚರಿಕೆ ಬೇಕಾದವು. ಪನ್ನಾ ಕೊಟ್ಟಾ ಬರೀ ಕೆನೆ, ಸಕ್ಕರೆ ಅಂತ ಕಾಣುತ್ತದೆ, ಆದರೆ ಅದು ಗಟ್ಟಿಯಾಗುವುದು ಜೆಲಟಿನ್‌ನಿಂದ. ಅದು ಪ್ರಾಣಿಗಳ ಚರ್ಮ, ಎಲುಬಿನಿಂದ ಬರುವಂಥದ್ದು. ಸಿಸಿಲಿಯ ಕನ್ನೋಲಿಯ ಒಳಗಿನ ರಿಕೊಟ್ಟಾ (ಮೆತ್ತನೆಯ ಚೀಸು) ಹಾಲಿನದ್ದೇ. ಹೊರಗಿನ ಗರಿಗರಿ ಕೊಳವೆಯ ಹಿಟ್ಟಿಗೆ ಮಾತ್ರ ಹಂದಿ ಕೊಬ್ಬು ಹಾಕುವುದು, ಅದರಲ್ಲೇ ಕರಿಯುವುದು ಹಳೆಯ ಪದ್ಧತಿ. ನೇಪಲ್ಸ್‌ನ ಪದರು ಪದರು ಸ್ಫೋಲ್ಯಾತೆಲ್ಲಾಗೂ ಅದೇ ಕೊಬ್ಬು. ಇದಕ್ಕೆ ಇಲ್ಲಿ ಸ್ತ್ರುತ್ತೊ ಅನ್ನುತ್ತಾರೆ. ಈ ಪದ ಕಲಿತುಕೊಳ್ಳಿ. ತಿರಾಮಿಸು, ಅರೆ ಹೆಪ್ಪುಗಟ್ಟಿದ ಸೆಮಿಫ್ರೆದ್ದೊ, ಹಳದಿ ಲೋಳೆ ಕಡೆದು ಮಾಡುವ ಜಬಾಯೋನೆ, ಪೀಡ್ಮಾಂಟ್‌ನ (ಟ್ಯೂರಿನ್ ಇರುವ ಪ್ರಾಂತ್ಯ) ಚಾಕೊಲೇಟ್ ಪುಡ್ಡಿಂಗ್ ಬೊನೆಟ್ ಇವಕ್ಕೆಲ್ಲ ಮೊಟ್ಟೆ ಬೇಕೇ ಬೇಕು. ತಿರಾಮಿಸುನಲ್ಲಿ ಅದು ಹಸಿಯಾಗಿಯೇ ಇರುವುದುಂಟು, ಗರ್ಭಿಣಿಯರು ಗಮನಿಸಿ.

ಯುರೋಪಿನ ಕಾನೂನಿನ ಪ್ರಕಾರ ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿಯನ್ನು ಹೋಟೆಲಿನವರು ಕೊಡಲೇಬೇಕು. "ಅಲ್ಲೆರ್ಜೆನಿ" ಅಂತ ಕೇಳಿದರೆ ಪಟ್ಟಿ ತೋರಿಸುತ್ತಾರೆ. ಮೊಟ್ಟೆ, ಹಾಲು, ಗೋಧಿ, ಬಾದಾಮಿ, ಪಿಸ್ತಾ ಎಲ್ಲ ಅದರಲ್ಲಿ ಇರುತ್ತದೆ. ಆದರೆ ಹಂದಿ ಕೊಬ್ಬಾಗಲಿ, ಹಂದಿಯ ಅಥವಾ ದನದ ಜೆಲಟಿನ್ ಆಗಲಿ, ಮದ್ಯವಾಗಲಿ ಆ 14ರಲ್ಲಿ ಬರುವುದಿಲ್ಲ. ಪಟ್ಟಿ ನೋಡಿ ನಿಶ್ಚಿಂತೆಯಿಂದ ಇರಬೇಡಿ, ಬಾಯಿಬಿಟ್ಟು ಕೇಳಿ. "ಚೆ ಜೆಲಾತೀನಾ?", "ಚೆ ಸ್ತ್ರುತ್ತೊ?", "ಸೆನ್ಸಾ ವೋವಾ?" ಜೆಲಟಿನ್ ಇದೆಯಾ, ಹಂದಿ ಕೊಬ್ಬು ಇದೆಯಾ, ಮೊಟ್ಟೆ ಇಲ್ಲ ತಾನೇ, ಈ ಮೂರು ಪ್ರಶ್ನೆ ಸಾಕು.

ಈಗ ತಿನ್ನಬಹುದಾದವು. ಫಿಯೊರ್ದಿಲಾತ್ತೆ ಅನ್ನುವ ಜೆಲಾಟೊ ಹಾಲು, ಕೆನೆ, ಸಕ್ಕರೆಯದ್ದು, ಸಾಮಾನ್ಯವಾಗಿ ಮೊಟ್ಟೆ ಇರುವುದಿಲ್ಲ. ಕ್ರೇಮಾ ಅಂತ ಬರೆದಿದ್ದರೆ ಅದರಲ್ಲಿ ಹಳದಿ ಲೋಳೆ ಇರುತ್ತದೆ. ಹಾಲಿಲ್ಲದ ಹಣ್ಣಿನ ಜೆಲಾಟೊ ಸೊರ್ಬೆತ್ತೊ, ಪುಡಿ ಮಂಜಿನಂಥ ಸಿಸಿಲಿಯ ನಿಂಬೆ ಗ್ರಾನಿತಾ ನಿಮಗೆ ಹೇಳಿಮಾಡಿಸಿದ್ದು. ಫಿಯೊರ್ದಿಲಾತ್ತೆ ಮೇಲೆ ಬಿಸಿ ಎಸ್ಪ್ರೆಸೊ ಸುರಿದರೆ ಅಫೊಗಾತೊ ಆಯಿತು. ಶರತ್ಕಾಲದಲ್ಲಿ ಟಸ್ಕನಿಗೆ ಹೋದರೆ ಕಸ್ತಾನ್ಯಾಚ್ಚೊ ತಿನ್ನದೆ ಬರಬೇಡಿ. ಚೆಸ್ಟ್‌ನಟ್ ಹಿಟ್ಟು, ನೀರು, ಆಲಿವ್ ಎಣ್ಣೆ, ಒಣದ್ರಾಕ್ಷಿ, ಪೈನ್ ಬೀಜ, ಮೇಲೆ ರೋಸ್‌ಮೇರಿ ಎಲೆ. ಮೊಟ್ಟೆ ಇಲ್ಲ, ಹಾಲೂ ಇಲ್ಲ. ಅದರ ಸಿಹಿ ಚೆಸ್ಟ್‌ನಟ್‌ನದ್ದೇ. ಮೊದಲ ತುತ್ತಿಗೆ ಸಪ್ಪೆ ಅನಿಸಬಹುದು, ಸ್ವಲ್ಪ ತಾಳ್ಮೆ ಇರಲಿ.

ತೀರಾ ಕಟ್ಟುನಿಟ್ಟಿನವರಿಗೆ ಇನ್ನೊಂದು ಮಾತು. ಚೀಸ್ ಮಾಡಿ ಉಳಿದ ನೀರಿನಿಂದ ರಿಕೊಟ್ಟಾ ಮಾಡುತ್ತಾರೆ. ಆ ಚೀಸಿಗೆ ಹಾಲು ಒಡೆಸಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ರೂಢಿ. ಮಸ್ಕರ್ಪೋನೆಗೆ ಹಾಗಿಲ್ಲ, ಅದನ್ನು ಹುಳಿ ಹಾಕಿ ಗಟ್ಟಿ ಮಾಡುತ್ತಾರೆ.

ಮದ್ಯ ಮುಟ್ಟಲ್ಲ. ಸಿಹಿಯಲ್ಲೇ ಸೇರಿಸಿರ್ತಾರೆ ಅಂತಾರಲ್ಲ?

ಕೆಲವದರಲ್ಲಿ ಇರುತ್ತದೆ. ನೇಪಲ್ಸ್‌ನ ಬಬಾ ಅನ್ನುವ ಮೆತ್ತನೆಯ ಕೇಕನ್ನು ಬೇಯಿಸಿದ ಮೇಲೆ ರಮ್ ಪಾಕದಲ್ಲಿ ಅದ್ದುತ್ತಾರೆ, ಹಾಗಾಗಿ ಮದ್ಯ ಪೂರ್ತಿ ಉಳಿಯುತ್ತದೆ. ಜಬಾಯೋನೆಯಲ್ಲಿ ಮಾರ್ಸಾಲಾ ವೈನ್ ಇದೆ. ಮಲಾಗಾ ಅನ್ನುವ ಜೆಲಾಟೊದ ಒಣದ್ರಾಕ್ಷಿಯನ್ನು ರಮ್‌ನಲ್ಲಿ ನೆನೆಸಿರುತ್ತಾರೆ. ಮಸೆದೋನಿಯಾ ಅನ್ನುವ ಹಣ್ಣಿನ ಮಿಶ್ರಣಕ್ಕೂ ಕೆಲವರು ಲಿಕರ್ (ಸಕ್ಕರೆ, ಪರಿಮಳ ಬೆರೆಸಿದ ಮದ್ಯ) ಚಿಮುಕಿಸುತ್ತಾರೆ. ಕೇಕು, ಕಸ್ಟರ್ಡ್ ಪದರುಗಳ ಜುಪ್ಪಾ ಇಂಗ್ಲೇಸೆ ಕೆಂಪಗಿರುವುದು ಆಲ್ಕೆರ್ಮೆಸ್ ಲಿಕರ್‌ನಿಂದ. ಅದರ ಸಾಂಪ್ರದಾಯಿಕ ಕೆಂಪು ಬಣ್ಣ ಕೊಚಿನೀಲ್ ಹುಳದಿಂದ ಬಂದದ್ದು, ಸಸ್ಯಾಹಾರಿಗಳಿಗೂ ಇದು ಗೊತ್ತಿರಲಿ. ತಿರಾಮಿಸುಗೆ ಮದ್ಯ ಹಾಕುವವರು ಇದ್ದಾರೆ, ಹಾಕದವರೂ ಇದ್ದಾರೆ. "ಸೆನ್ಸಾ ಆಲ್ಕೊಲ್?" ಅಂತ ಕೇಳಿ.

ತಿರಾಮಿಸು ನಿಜವಾಗಿ ಯಾವ ಊರಿನದ್ದು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ವೆನೆತೊ ಪ್ರಾಂತ್ಯದ ತ್ರೆವಿಜೊ ಊರಿನ ಲೆ ಬೆಕ್ಕೆರಿಯೆ ಹೋಟೆಲಿನಲ್ಲಿ 1970ರ ಆಸುಪಾಸಿನಲ್ಲಿ ಹುಟ್ಟಿತು ಅನ್ನುವುದು ಹೆಚ್ಚು ಚಾಲ್ತಿಯಲ್ಲಿರುವ ಮಾತು. ಅಲ್ಲಿನ ಪಾಕದಲ್ಲಿ ಮದ್ಯ ಇಲ್ಲ. ಪಕ್ಕದ ಫ್ರಿಯುಲಿಯವರು ತಮ್ಮ ತೊಲ್ಮೆಜ್ಜೊ ಊರಿನಲ್ಲಿ ಅದಕ್ಕೂ ಮೊದಲೇ ಇತ್ತು ಅನ್ನುತ್ತಾರೆ. 2017ರಲ್ಲಿ ಸರ್ಕಾರದ ಸಾಂಪ್ರದಾಯಿಕ ತಿನಿಸುಗಳ ಪಟ್ಟಿಗೆ ಅದು ಫ್ರಿಯುಲಿಯ ಹೆಸರಿನಲ್ಲಿ ಸೇರಿದಾಗ ವೆನೆತೊದವರು ಸಿಟ್ಟಾದರು. ಯಾವ ಊರಿನದ್ದೇ ಆಗಲಿ, ಇಂದು ಎಲ್ಲರ ಮನೆಯಲ್ಲೂ ಮಾಡುವ ಈ ಸಿಹಿಗೆ ಇನ್ನೂ ನೂರು ವರ್ಷವೂ ಆಗಿಲ್ಲ.

ಒಳ್ಳೆ ಜೆಲಾಟೊ ಅಂಗಡಿ ಗುರುತಿಸೋದು ಹೇಗೆ?

ಬಣ್ಣ ನೋಡಿ. ಪಿಸ್ತಾ ಕಂದು ಬೆರೆತ ಮಾಸಲು ಹಸಿರಾಗಿರಬೇಕು, ಗಿಳಿ ಹಸಿರು ಅಲ್ಲ. ಬಾಳೆಹಣ್ಣಿನದ್ದು ಬೂದು ಬಿಳುಪು. ಪುದೀನಾದ್ದು ಬಿಳಿ. ಬೆಟ್ಟದ ಹಾಗೆ ಮೇಲಕ್ಕೆ ಪೇರಿಸಿಟ್ಟಿದ್ದರೆ ದೂರ ಇರಿ. ಗಾಳಿ, ಗಟ್ಟಿ ಮಾಡುವ ಪುಡಿಗಳು ಜಾಸ್ತಿ ಇಲ್ಲದೆ ಅದು ಹಾಗೆ ನಿಲ್ಲುವುದಿಲ್ಲ. ಮುಚ್ಚಳ ಹಾಕಿದ ಸ್ಟೀಲ್ ಡಬ್ಬಿಗಳಲ್ಲಿ ಇಟ್ಟಿದ್ದರೆ ಅದು ಒಳ್ಳೆಯ ಲಕ್ಷಣ. ಕಿತ್ತಳೆ ಸುಗ್ಗಿಯಲ್ಲಿ ಕಿತ್ತಳೆ, ಅಂಜೂರ ಬರುವಾಗ ಅಂಜೂರ ಇಟ್ಟಿದ್ದರೆ ಇನ್ನೂ ಒಳ್ಳೆಯದು.

ಐಸ್‌ಕ್ರೀಂಗಿಂತ ಜೆಲಾಟೊದಲ್ಲಿ ಕೆನೆ ಕಡಿಮೆ, ಹಾಲು ಜಾಸ್ತಿ, ಗಾಳಿ ಕಡಿಮೆ. ಅದನ್ನು ಬಡಿಸುವಾಗಲೂ ಅಷ್ಟೊಂದು ತಣ್ಣಗಿರುವುದಿಲ್ಲ. ಅದಕ್ಕೇ ರುಚಿ ನಾಲಿಗೆಗೆ ತಕ್ಷಣ ಹತ್ತುತ್ತದೆ.

ಯಾವುದು ತಗೊಳ್ಳಲಿ ಅಂತ ಗೊತ್ತಾಗದಿದ್ದರೆ ಸ್ತ್ರಾಚ್ಚತೆಲ್ಲಾ ತಗೊಳ್ಳಿ. ತಿರುಗುತ್ತಿರುವ ಹಾಲಿನ ಜೆಲಾಟೊಗೆ ಕರಗಿದ ಚಾಕೊಲೇಟ್ ಸುರಿದಾಗ ಅದು ಚೂರು ಚೂರಾಗಿ ಗಟ್ಟಿಯಾಗುತ್ತದೆ. 1961ರಲ್ಲಿ ಬೆರ್ಗಾಮೊ ಊರಿನಲ್ಲಿ ಎನ್ರಿಕೊ ಪನತ್ತೋನಿ ಅನ್ನುವವರು ಮೊದಲು ಮಾಡಿದ್ದು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಗೆ ಚಿತ್ರ ಬರೆದ ಅಂತೋನಿಯೊ ಮೊಸ್ಕೆನಿ ಕೂಡ ಇದೇ ಬೆರ್ಗಾಮೊ ಸೀಮೆಯವರು. ಕರಾವಳಿಯವರು ಅಲ್ಲಿಗೆ ಹೋದರೆ ಅವರನ್ನೂ ನೆನೆಯಬಹುದು.

ಪ್ರತಿ ಊರಲ್ಲೂ ತಿರಾಮಿಸುನೇ ತಿಂತಾ ಇದೀವಿ. ಬೇರೆ ಏನು ಕೇಳಬೇಕು?

ಆ ಊರಿನದ್ದನ್ನೇ ಕೇಳಿ. ಎಲ್ಲದಕ್ಕಿಂತ ಮುಖ್ಯವಾಗಿ ನಾನು ಹೇಳುವುದು ಇದನ್ನೇ. ಇಟಲಿ ಒಂದು ದೇಶವಾಗಿದ್ದು 1861ರಲ್ಲಿ. ಅದಕ್ಕೂ ಮೊದಲು ಬೇರೆ ಬೇರೆ ರಾಜ್ಯಗಳಾಗಿದ್ದ ಊರುಗಳ ಸಿಹಿಗಳೂ ಬೇರೆ ಬೇರೆಯೇ.

ಟ್ಯೂರಿನ್‌ನಲ್ಲಿ ಹೇಝಲ್‌ನಟ್ ಮತ್ತು ಚಾಕೊಲೇಟ್ ಬೆರೆಸಿದ ಜಂದೂಯಾ. ಚಳಿಗಾಲದಲ್ಲಾದರೆ ಬಿಚೆರಿನ್: ಕಾಫಿ, ಬಿಸಿ ಚಾಕೊಲೇಟ್, ಮೇಲೆ ಕೆನೆ, ಗಾಜಿನ ಲೋಟದಲ್ಲಿ ಪದರು ಪದರಾಗಿ. ಕಲಕಬೇಡಿ. ಅದೇ ಹೆಸರಿನ ಕೆಫೆ 1763ರಿಂದ ಅಲ್ಲಿದೆ. ಫ್ಲಾರೆನ್ಸ್, ಪ್ರಾತೊ ಕಡೆ ಬಾದಾಮಿಯ ಗಟ್ಟಿ ಬಿಸ್ಕತ್ತು ಕಂತೂಚ್ಚಿ. ಕಾಪ್ರಿ ದ್ವೀಪದ್ದು ಮೈದಾ ಇಲ್ಲದ ಬಾದಾಮಿ ಚಾಕೊಲೇಟ್ ಕೇಕು. ಗೋಧಿ ಆಗದವರಿಗೆ ಅದು ಒಳ್ಳೆಯದು, ಮೊಟ್ಟೆ ಮಾತ್ರ ಇರುತ್ತದೆ. ಕಲಾಬ್ರಿಯಾದ ಪಿತ್ಸೊ ಊರಿನಲ್ಲಿ ತರ್ತೂಫೊ: ಕೈಯಲ್ಲಿ ಉಂಡೆ ಕಟ್ಟಿದ ಹೇಝಲ್‌ನಟ್ ಜೆಲಾಟೊ, ಒಳಗೆ ಹರಿಯುವ ಚಾಕೊಲೇಟ್.

ನೇಪಲ್ಸ್‌ನ ಸ್ಫೋಲ್ಯಾತೆಲ್ಲಾ ನೋಡಿದಾಗ ಕನ್ನಡಿಗರಿಗೆ ಚಿರೋಟಿ ನೆನಪಾಗುತ್ತದೆ. ಹಾಗೇ ಎಳೆಎಳೆ ಪದರು, ಬಾಯಿಗಿಟ್ಟರೆ ಪುಡಿಪುಡಿ. ಒಳಗೆ ಬೇಯಿಸಿದ ರವೆ, ರಿಕೊಟ್ಟಾ, ಸಕ್ಕರೆಪಾಕದ ಕಿತ್ತಳೆ ಸಿಪ್ಪೆ. ಬಿಸಿಯಾಗಿದ್ದಾಗಲೇ ತಿನ್ನಬೇಕು.

ಸಿಸಿಲಿಯಲ್ಲಿ ಕನ್ನೋಲಿ ತಿನ್ನುವುದಾದರೆ ನಿಮ್ಮ ಕಣ್ಣೆದುರೇ ತುಂಬಿಸಿ ಕೊಡುವ ಅಂಗಡಿ ಹುಡುಕಿ. ಮೊದಲೇ ತುಂಬಿಸಿಟ್ಟದ್ದು ಮೆತ್ತಗಾಗಿರುತ್ತದೆ. ಎತ್ನಾ ಜ್ವಾಲಾಮುಖಿಯ ತಪ್ಪಲಿನ ಬ್ರೊಂತೆ ಪಿಸ್ತಾ ಅಲ್ಲಿನ ಹೆಮ್ಮೆ. ಅದರ ಕೊಯ್ಲು ಎರಡು ವರ್ಷಕ್ಕೊಮ್ಮೆ ಮಾತ್ರ, ಅದಕ್ಕೇ ಅಷ್ಟು ದುಬಾರಿ.

## ಕಾಫಿ ಮತ್ತು ಕುಡಿಯದವರ ಪಾಲು

ಊಟ ಆದ್ಮೇಲೆ ಕಾಪುಚಿನೊ ಕೇಳಿದ್ರೆ ಬೈತಾರಂತೆ, ಹೌದಾ?

ಬೈಯುವುದಿಲ್ಲ, ಮಾಡಿ ಕೊಡುತ್ತಾರೆ. ಆದರೆ ಹೊಟ್ಟೆ ತುಂಬಿದ ಮೇಲೆ ಅಷ್ಟು ಹಾಲು ಯಾಕೆ ಅನ್ನುವುದು ಅವರ ಲೆಕ್ಕ. ಕಾಪುಚಿನೊ ಬೆಳಗಿನದ್ದು. ರಾತ್ರಿ "ಊನ್ ಕಫೆ" ಅಂದರೆ ಚಿಕ್ಕ ಕಪ್ಪಿನಲ್ಲಿ ಎಸ್ಪ್ರೆಸೊ ಬರುತ್ತದೆ. ಅದು ಸಿಹಿಯ ಜೊತೆಗಲ್ಲ, ಸಿಹಿ ಮುಗಿದ ಮೇಲೆ. ತುಸು ಹಾಲು ಬೇಕಿದ್ದರೆ "ಮಕ್ಯಾತೊ" ಅನ್ನಿ. ನಿದ್ದೆಯ ಚಿಂತೆ ಇದ್ದರೆ "ದೆಕಾ" ಅಥವಾ ಹುರಿದ ಬಾರ್ಲಿಯ "ಓರ್ಜೊ" ಕೇಳಿ.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನದಲ್ಲಿ. ಎಸ್ಪ್ರೆಸೊ ಮೇಲೆ ನಿಲ್ಲುವ ದಪ್ಪ ನೊರೆಗೆ ರೋಬಸ್ಟಾ ಬೀಜ ಬೇಕು, ಅದಕ್ಕೇ ನಮ್ಮದು ಅಲ್ಲಿಗೆ ಹೋಗುತ್ತದೆ. ನೀವು ಕುಡಿಯುತ್ತಿರುವ ಕಪ್ಪಿನಲ್ಲಿ ನಮ್ಮ ತೋಟಗಳ ಬೀಜವೂ ಇರಬಹುದು.

ಎಲ್ಲರೂ ಕುಡೀತಿರುವಾಗ ನಾನು ಸುಮ್ನೆ ಕೂತಿರಬೇಕಾ?

ಖಂಡಿತ ಬೇಡ. ನಿಂಬೆ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿದ ಕನಾರಿನೊ ಇಟಲಿಯ ಮನೆಗಳಲ್ಲಿ ಊಟ ಭಾರವಾದಾಗ ಮಾಡಿಕೊಳ್ಳುವಂಥದ್ದು, ಕೇಳಿದರೆ ಹೋಟೆಲಿನಲ್ಲೂ ಮಾಡಿಕೊಡುತ್ತಾರೆ. ಕಮೊಮಿಲ್ಲಾ ಹೂವಿನ ಚಹಾ ಎಲ್ಲ ಬಾರ್‌ಗಳಲ್ಲೂ ಸಿಗುತ್ತದೆ. ತುಸು ಕಹಿ ಬೇಕು ಅಂದರೆ ಅದೇ ಹೆಸರಿನ ಹಣ್ಣಿನ ಕಿನೊತ್ತೊ ಸೋಡಾ ತಗೊಳ್ಳಿ. ಸಿಸಿಲಿಯ ಕತಾನಿಯಾದಲ್ಲಿ ರಾತ್ರಿ ಚೌಕದ ಕಿಯೋಸ್ಕ್ ಮುಂದೆ ಜನ ಸೇರುವುದು "ಸೆಲ್ಟ್ಸ್, ಲಿಮೋನೆ ಎ ಸಾಲೆ" ಕುಡಿಯಲು. ಸೋಡಾ, ನಿಂಬೆರಸ, ಉಪ್ಪು, ಅಷ್ಟೆ. ನಮ್ಮವರಿಗೆ ಅದರ ರುಚಿ ಹೇಳಿಕೊಡಬೇಕಾಗಿಲ್ಲ.

## ಅಮಾರೊ, ಗ್ರಾಪ್ಪಾ ಮತ್ತು ಸಿಹಿ ವೈನ್

ಅಮಾರೊ ಅಂತ ಗೋಡೆ ತುಂಬ ಬಾಟಲಿ ಇಟ್ಟಿರ್ತಾರೆ. ಯಾವುದರಿಂದ ಶುರು ಮಾಡ್ಲಿ?

ಬೇರು, ತೊಗಟೆ, ಎಲೆ, ಹೂವು, ಕಿತ್ತಳೆ ಸಿಪ್ಪೆಗಳನ್ನು ಮದ್ಯದಲ್ಲಿ ನೆನೆಸಿ, ಸಕ್ಕರೆ ಸೇರಿಸಿ ಮಾಡಿದ ಕಹಿ ಲಿಕರ್ ಅಮಾರೊ. ಎಷ್ಟೋ ಅಮಾರೊಗಳು ಔಷಧಿ ಅಂಗಡಿ, ಮಠಗಳಲ್ಲಿ ಹುಟ್ಟಿದವು. ಹೊಸಬರಿಗೆ ಮೊಂತೆನೆಗ್ರೊ ಒಳ್ಳೆಯದು. 1885ರಲ್ಲಿ ಬೊಲೊನ್ಯಾದಲ್ಲಿ ಶುರುವಾದದ್ದು, 23% ಮದ್ಯ, ಕಿತ್ತಳೆಯ ಘಮ, ಕಹಿ ಕಡಿಮೆ. ಸಿಸಿಲಿಯ ಆವೆರ್ನಾ 1868ರದ್ದು, ದಪ್ಪ, ಸಿಹಿ, 29%. ಆಲ್ಪ್ಸ್ ಬೆಟ್ಟದ ಬೊರ್ಮಿಯೊ ಊರಿನ ಬ್ರಾವ್ಲಿಯೊ 21%, ಅದರಲ್ಲಿ ಕಾಡು ಗಿಡಗಳ ವಾಸನೆ ಇದೆ. ನನಗೆ ಅದೇ ಹೆಚ್ಚು ಇಷ್ಟ. ಕಲಾಬ್ರಿಯಾದ ಅಮಾರೊ ದೆಲ್ ಕಾಪೊವನ್ನು ಫ್ರೀಜರ್‌ನಿಂದ ತೆಗೆದು ಹಿಮ ಕಟ್ಟಿದ ಗ್ಲಾಸಿನಲ್ಲಿ ಕೊಡುತ್ತಾರೆ.

1845ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದ ಫೆರ್ನೆಟ್ ಬ್ರಾಂಕಾವನ್ನು ಕೊನೆಗೆ ಇಟ್ಟುಕೊಳ್ಳಿ. 39% ಮದ್ಯ, 27 ಗಿಡಮೂಲಿಕೆ, ಸಕ್ಕರೆ ಕಡಿಮೆ, ಕಹಿ ಗಂಟಲಿನವರೆಗೂ ಇಳಿಯುತ್ತದೆ. ಅದರಿಂದಲೇ ಶುರು ಮಾಡಿದವರು ಅಮಾರೊ ಕಡೆ ಮತ್ತೆ ತಿರುಗಿ ನೋಡುವುದು ಕಷ್ಟ.

ಒಂದೇ ಗುಟುಕಿಗೆ ಮುಗಿಸಬೇಡಿ. ಸಣ್ಣ ಗ್ಲಾಸು ಕೊಡುವುದೇ ನಿಧಾನವಾಗಿ ಕುಡಿಯಲು.

ಲಿಮೊಂಚೆಲ್ಲೊ, ಗ್ರಾಪ್ಪಾ, ಸಾಂಬೂಕಾ ಎಲ್ಲ ಒಂದೇನಾ?

ಒಂದೇ ಅಲ್ಲ. ಲಿಮೊಂಚೆಲ್ಲೊ ಸೊರೆಂತೊ, ಅಮಾಲ್ಫಿ ಕಡೆಯದ್ದು. ನಿಂಬೆಯ ರಸ ಅಲ್ಲ, ಹಳದಿ ಸಿಪ್ಪೆಯನ್ನು ಮದ್ಯದಲ್ಲಿ ನೆನೆಸಿ ಸಕ್ಕರೆಪಾಕ ಬೆರೆಸುತ್ತಾರೆ. ಕುಡಿಯಲು ಸುಲಭ, 30% ಆಸುಪಾಸು ಇರುವುದರಿಂದ ಮೋಸ ಹೋಗಬೇಡಿ. ಗ್ರಾಪ್ಪಾ ಅಂದರೆ ವೈನ್ ಹಿಂಡಿದ ಮೇಲೆ ಉಳಿದ ದ್ರಾಕ್ಷಿ ಸಿಪ್ಪೆಯಿಂದ ಭಟ್ಟಿ ಇಳಿಸಿದ್ದು, ಕನಿಷ್ಠ 37.5%. ಬಸ್ಸಾನೊ ದೆಲ್ ಗ್ರಾಪ್ಪಾ ಊರಿನಲ್ಲಿ ನಾರ್ದಿನಿ ಮನೆತನ 1779ರಿಂದ ಮಾಡುತ್ತಿದೆ. ಸಾಂಬೂಕಾದ್ದು ಸೋಂಪಿನ ಪರಿಮಳ. ಮೂರು ಕಾಫಿ ಬೀಜ ತೇಲಿಬಿಟ್ಟು ಕೊಡುತ್ತಾರೆ, ಅವನ್ನು ಕೊನೆಗೆ ಅಗಿಯುತ್ತಾರೆ. ಗ್ರಾಪ್ಪಾ ಅಥವಾ ಸಾಂಬೂಕಾ ಚೂರು ಬೆರೆಸಿದ ಕಾಫಿಗೆ ಕಫೆ ಕೊರೆತ್ತೊ ಅನ್ನುತ್ತಾರೆ.

ಇಲ್ಲೂ ಊರಿನದ್ದನ್ನೇ ಕೇಳುವುದು ಲೇಸು. ಸಾರ್ಡಿನಿಯಾದಲ್ಲಿ ಮಿರ್ಟಲ್ ಗಿಡದ ಹಣ್ಣಿನ ಲಿಕರ್ ಮಿರ್ತೊ, ಮೊದೆನಾದಲ್ಲಿ ಅಕ್ರೋಟಿನ ಲಿಕರ್ ನೊಚಿನೊ. ನೊಚಿನೊಗೆ ಜೂನ್ 24ರ ಸಂತ ಜೊವಾನ್ನಿ ಹಬ್ಬದ ಹೊತ್ತಿಗೆ ಎಳೆಯ ಹಸಿರು ಅಕ್ರೋಟು ಕಿತ್ತು ನೆನೆಹಾಕುತ್ತಾರೆ.

ಇದೆಲ್ಲ ಜೀರ್ಣಕ್ಕೆ ಒಳ್ಳೇದು ಅಂತಾರಲ್ಲ, ನಿಜಾನಾ?

ಮದ್ಯ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆಯೇ ಹೊರತು ಬೇಗ ಮಾಡುವುದಿಲ್ಲ. ಊಟದ ನಂತರ ಕಹಿ ಬಿದ್ದಾಗ ಬಾಯಿ ಹಗುರವಾಗುವುದು ನಿಜ, ಅದನ್ನು ಔಷಧಿ ಅಂದುಕೊಳ್ಳಬೇಡಿ. ಇವೆಲ್ಲದರಲ್ಲೂ ಸಕ್ಕರೆ ಸಾಕಷ್ಟು ಇರುತ್ತದೆ (ಗ್ರಾಪ್ಪಾ ಬಿಟ್ಟು), ಸಕ್ಕರೆ ಕಾಯಿಲೆ ಇದ್ದವರು ನೋಡಿಕೊಳ್ಳಿ. ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟದಿರುವುದೇ ಒಳ್ಳೆಯದು.

ಓನರ್ ಕೇಳದೇನೆ ಒಂದು ಗ್ಲಾಸ್ ತಂದಿಟ್ಟರು. ದುಡ್ಡು ಹಾಕ್ತಾರಾ? ಬೇಡ ಅಂದ್ರೆ ಬೇಜಾರಾಗ್ತಾರಾ?

"ಓಫ್ರೆ ಲಾ ಕಾಸಾ" ಅಂದರೆ ಮನೆಯ ಲೆಕ್ಕದಲ್ಲಿ, ದುಡ್ಡಿಲ್ಲ. ಚಿಕ್ಕ ಊಟದ ಮನೆಗಳಲ್ಲಿ ಇದು ಪ್ರೀತಿಯಿಂದ ಮಾಡುವ ಉಪಚಾರ. ಕುಡಿಯದಿದ್ದರೆ ನಗುತ್ತಾ "ನೋ ಗ್ರಾತ್ಸಿಯೆ, ನೊನ್ ಬೇವೊ" ಅನ್ನಿ. ಯಾರೂ ಬಲವಂತ ಮಾಡುವುದಿಲ್ಲ. ಬಾಟಲಿಯನ್ನೇ ಟೇಬಲ್ ಮೇಲೆ ಬಿಟ್ಟುಹೋದರೆ ಒಂದೊಂದು ಗ್ಲಾಸು ಹಾಕಿಕೊಂಡು ನಿಲ್ಲಿಸುವುದು ಮರ್ಯಾದೆ.

ಸಿಹಿ ಜೊತೆ ಯಾವ ವೈನ್ ಕುಡೀಬೇಕು?

ವೈನ್ ನೀವು ತಿನ್ನುವ ಸಿಹಿತಿನಿಸಿಗಿಂತ ಹೆಚ್ಚು ಸಿಹಿಯಾಗಿರಬೇಕು, ಇಲ್ಲದಿದ್ದರೆ ಹುಳಿ ಅನಿಸುತ್ತದೆ. ಕೇಕಿನ ಜೊತೆ ಬ್ರೂಟ್ ಪ್ರೊಸೆಕ್ಕೊ (ಸಿಹಿ ತೀರಾ ಕಡಿಮೆ ಇರುವ ನೊರೆ ವೈನ್) ತರಿಸಿದರೆ ಎರಡೂ ಕೆಡುತ್ತವೆ. ಟಸ್ಕನಿಯಲ್ಲಿ ಕಂತೂಚ್ಚಿಯನ್ನು ವಿನ್ ಸಾಂತೊದಲ್ಲಿ ಅದ್ದಿ ತಿನ್ನುತ್ತಾರೆ. ಒಣಗಿಸಿದ ದ್ರಾಕ್ಷಿಯಿಂದ ಮಾಡಿ, ಪುಟ್ಟ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟ ವೈನ್ ಅದು. ಸಿಸಿಲಿಯ ಸಿಹಿಗಳಿಗೆ ಪಂತೆಲ್ಲೆರಿಯಾ ದ್ವೀಪದ ಪಸ್ಸಿತೊ, ಅದೂ ಒಣಗಿಸಿದ ದ್ರಾಕ್ಷಿಯ ಸಿಹಿ ವೈನ್. ಆ ದ್ವೀಪದಲ್ಲಿ ಗಾಳಿಗೆ ಸಿಕ್ಕದಂತೆ ಗುಂಡಿಯಲ್ಲಿ ಬಳ್ಳಿ ಬೆಳೆಸುವ ಪದ್ಧತಿ 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹಗುರವಾದದ್ದು ಬೇಕಿದ್ದರೆ ಪೀಡ್ಮಾಂಟ್‌ನ ಮೊಸ್ಕಾತೊ ದಾಸ್ತಿ, ಸುಮಾರು 5% ಮದ್ಯ ಅಷ್ಟೆ.

ಒಂದು ಗ್ಲಾಸ್ ಕುಡಿದು ಕಾರ್ ಓಡಿಸಬಹುದಾ?

ಇಟಲಿಯಲ್ಲಿ ಮಿತಿ ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ. ಲೈಸೆನ್ಸ್ ಪಡೆದು 3 ವರ್ಷ ಆಗದವರಿಗೆ, 21 ತುಂಬದವರಿಗೆ ಸೊನ್ನೆ. ಊಟಕ್ಕೆ ವೈನ್ ಕುಡಿದು ಮೇಲೆ ಗ್ರಾಪ್ಪಾ ಹಾಕಿದರೆ ಮಿತಿ ದಾಟುವುದು ಕಷ್ಟವೇನಲ್ಲ. ಕಾರನ್ನು ರೂಮಿನ ಹತ್ತಿರವೇ ಬಿಟ್ಟು ನಡೆದುಕೊಂಡು ಹೋಗಿ.

ಊರಿಗೆ ಒಂದೆರಡು ಬಾಟಲಿ ತರಬಹುದಾ?

ಭಾರತಕ್ಕೆ ಬರುವ ದೊಡ್ಡವರು ತಲಾ 2 ಲೀಟರ್ ಮದ್ಯವನ್ನು ಸುಂಕ ಇಲ್ಲದೆ ತರಬಹುದು. ಕೈಚೀಲದಲ್ಲಿ 100 ಮಿಲಿ ದಾಟಲು ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಬಿಡುವುದಿಲ್ಲ, ಹಾಗಾಗಿ ಚೆಕ್-ಇನ್ ಲಗೇಜಿನಲ್ಲಿ ಬಟ್ಟೆ ಸುತ್ತಿ ಇಡಿ. ಅಮಾರೊ ತೆರೆದ ಮೇಲೂ ಬಹಳ ದಿನ ಕೆಡುವುದಿಲ್ಲ. ಸಿಹಿಯಲ್ಲಿ ಕಂತೂಚ್ಚಿ, ಜಂದೂಯಾ ಚಾಕೊಲೇಟ್ ತಡೆಯುತ್ತವೆ. ಬೇಸಿಗೆಯಲ್ಲಿ ಬರುವವರು ಚಾಕೊಲೇಟ್ ಬಿಟ್ಟು ಕಂತೂಚ್ಚಿ ತನ್ನಿ. ಕನ್ನೋಲಿ ಕಟ್ಟಿಸಿಕೊಂಡು ಬರುವ ಆಸೆ ಬೇಡ, ಬೆಂಗಳೂರು ತಲುಪುವ ಹೊತ್ತಿಗೆ ರಿಕೊಟ್ಟಾ ಹುಳಿಯಾಗಿರುತ್ತದೆ.